ಚಂದ್ರತಾಲ್ ಪ್ಲಾನ್: ರೇಟಿಗಿಂತ ಮೊದಲು ಎತ್ತರ ಬರೆಯಿರಿ

ತುಮಕೂರಿನ ಒಂದು ಟೂರ್ ಬುಕಿಂಗ್ ಆಫೀಸಿನಲ್ಲಿ ನನ್ನ ಕೆಲಸ. ನಮ್ಮಲ್ಲಿ ಜಾಸ್ತಿ ಓಡುವುದು ತಿರುಪತಿ, ಕಾಶಿ. ಆದರೆ ಈಚೆಗೆ ಮೊಬೈಲಿನಲ್ಲಿ ಫೋಟೊ ತೋರಿಸಿ ಕೇಳುವವರು ಹೆಚ್ಚಾಗಿದ್ದಾರೆ. ನೀಲಿ ಕೆರೆ, ಸುತ್ತ ಬೋಳು ಬೆಟ್ಟ, ಒಂದು ನರಪಿಳ್ಳೆಯೂ ಇಲ್ಲ. "ಇಲ್ಲಿಗೆ ಎಷ್ಟಾಗುತ್ತೆ?" ಹೆಚ್ಚಿನ ಸಲ ಅದು ಹಿಮಾಚಲದ ಲಾಹೌಲ್-ಸ್ಪಿತಿಯ ಚಂದ್ರತಾಲ್.

ರೇಟಿಗಿಂತ ಮೊದಲು ನಾನು ಎತ್ತರ ಹೇಳುತ್ತೇನೆ. ಆ ಕೆರೆ ಸುಮಾರು 4,250 ಮೀಟರ್ ಮೇಲಿದೆ. ನಮ್ಮ ನಂದಿಬೆಟ್ಟ 1,478. ಕೆರೆಯ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ. 60ರಷ್ಟು. ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ.

ಒಬ್ಬರು ನಿವೃತ್ತ ಮೇಷ್ಟ್ರು ಹೆಂಡತಿ ಜೊತೆ ಬಂದಿದ್ದರು. "ಮನಾಲಿಯಿಂದ ಬೆಳಿಗ್ಗೆ ಹೊರಟ್ರೆ ಸಂಜೆಗೆ ಕ್ಯಾಂಪ್ ಅಂತೆ. ನಮ್ಮ ಅಳಿಯ ಹೇಳಿದ." ಸುಳ್ಳೇನಲ್ಲ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ದಾರಿ ಇನ್ನೂ ಸಲೀಸು. ಆದರೆ ಮನಾಲಿ ಇರುವುದು 2,050 ಮೀಟರಿನಲ್ಲಿ. ಒಂದೇ ಹಗಲಲ್ಲಿ 2,200 ಮೀಟರ್ ಏರಿ, ಅಲ್ಲೇ ಮಲಗಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನುವುದು ವೈದ್ಯರ ಲೆಕ್ಕ.

"ದೇವರಾಯನದುರ್ಗ ಈಗಲೂ ಹತ್ತುತೀನಿ ಕಣಪ್ಪ, ನಂಗೇನಾಗುತ್ತೆ?" ಅಂದರು. ಕಾಲಿನ ಗಟ್ಟಿತನಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ಜಿಮ್ಮಿಗೆ ಹೋಗುವ ಹುಡುಗನಿಗೂ ರಾತ್ರಿ ತಲೆ ಸಿಡಿದು ವಾಂತಿಯಾಗಬಹುದು. ಆಗ ಇರುವ ಮದ್ದು ಕೆಳಗಿಳಿಯುವುದು. ಕತ್ತಲಲ್ಲಿ, ಆ ರಸ್ತೆಯಲ್ಲಿ!

ಒಂದು ಹಾಳೆ ತೆಗೆದು, ಶಿಮ್ಲಾ ಕಡೆಯಿಂದ ನಿಧಾನವಾಗಿ ಏರುವ ದಾರಿಗೆ ಎಡಕ್ಕೆ ಊರು, ಬಲಕ್ಕೆ ಎತ್ತರ ಬರೆದೆ. ಶಿಮ್ಲಾ 2,200. ನಾರ್ಕಂಡಾ 2,700. ಕಲ್ಪಾ 2,960. ತಾಬೋ 3,280. ಕಾಜಾ 3,700 ಆಸುಪಾಸು. ಆಮೇಲೆ ಕುಂಜುಂ ಪಾಸ್ ದಾಟಿ ಕೆರೆ, ಅಲ್ಲಿಂದ ಮನಾಲಿಗೆ ಇಳಿಯುವುದು. ಮೇಷ್ಟ್ರು ಗಣಿತದವರು. ಪೆನ್ನು ಇಸ್ಕೊಂಡು ಒಂದೊಂದು ಸಾಲನ್ನೂ ಕಳೆಯುತ್ತಾ ಹೋದರು. ಕಾಜಾ ಆದಮೇಲೆ ಪೆನ್ನು ನಿಂತಿತು. "ಇಲ್ಲಿ 500 ದಾಟುತ್ತಲ್ಲಯ್ಯ?" ದಾಟುತ್ತದೆ. ಅದಕ್ಕೇ ಕಾಜಾದಲ್ಲಿ ಎರಡು ರಾತ್ರಿ. ನಡುವಿನ ದಿನ 4,500ಕ್ಕೂ ಮೇಲಿರುವ ಕೋಮಿಕ್ ಹಳ್ಳಿ ನೋಡಿಕೊಂಡು, ಮಲಗಲು ಕೆಳಗೆ ಬರುವುದು. ದೇಹಕ್ಕೆ ಸ್ವಲ್ಪ ರೂಢಿಯಾಗುತ್ತದೆ.

ದಿನ ಹೆಚ್ಚಿತು, ಖರ್ಚೂ ಹೆಚ್ಚಿತು. ಮೇಡಂ ಮುಖ ಸಪ್ಪಗಾಯಿತು. ಈ ಹೊತ್ತಿನಲ್ಲಿ ಎಷ್ಟೋ ಆಫೀಸುಗಳು "ಆಯ್ತು ಬಿಡಿ, ಮನಾಲಿಯಿಂದಲೇ ಮಾಡೋಣ" ಅಂದುಬಿಡುತ್ತವೆ. ನಾನು ಹೇಳಿದ್ದು ಬೇರೆ: ಅಷ್ಟು ದಿನ ಸಿಗದಿದ್ದರೆ ಮನಾಲಿ, ಸುರಂಗದಾಚೆಯ ಸಿಸ್ಸು ನೋಡಿಕೊಂಡು ಬನ್ನಿ, ಕೆರೆ ಬೇಡ. ಮೇಷ್ಟ್ರಿಗೆ ಬಿಪಿ ಇತ್ತು, ಅದಕ್ಕೆ ಡಾಕ್ಟರನ್ನು ಕೇಳದೆ ಅಡ್ವಾನ್ಸ್ ಕೊಡಬೇಡಿ ಅಂತಲೂ ಹೇಳಿದೆ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ನುಂಗುವುದೂ ಬೇಡ. ಸಲ್ಫಾ ಅಲರ್ಜಿ ಇದ್ದವರು ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು.

ಫೋಟೊ ನೋಡಿದವರೆಲ್ಲ ಕೇಳುವ ಇನ್ನೊಂದು ಮಾತು: "ಕೆರೆ ಪಕ್ಕದಲ್ಲೇ ಟೆಂಟ್ ಕೊಡ್ತೀರಾ?" ಇಲ್ಲ. 2005ರಿಂದ ಅದು ರಾಮ್ಸರ್ ಜೌಗು ಪ್ರದೇಶ, ಅಂದರೆ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಾಗ. ದಡದಲ್ಲಿ ಕ್ಯಾಂಪ್ ಹಾಕುವಂತಿಲ್ಲ, ಟೆಂಟುಗಳೆಲ್ಲ ಕೆಲವು ಕಿಲೋಮೀಟರ್ ದೂರ. ಗಾಡಿಯೂ ದಡದವರೆಗೆ ಹೋಗುವುದಿಲ್ಲ, ಕೊನೆಯ ಒಂದಿಷ್ಟು ನಡಿಗೆ. ಬೋಟಿಂಗ್ ಇಲ್ಲ. ಈ ಇಲ್ಲಗಳಿಂದಲೇ ಅಲ್ಲಿ ಇನ್ನೂ ನಿಶ್ಶಬ್ದ ಉಳಿದಿದೆ, ಅಲ್ವಾ? ಬೇಸರಪಡುವವರಿಗೆ ಬೇರೆ ಜಾಗ ತೋರಿಸುವುದೇ ವಾಸಿ.

ಜೂನ್‌ಗೆ ಮುಂಚೆ ಕುಂಜುಂನಲ್ಲಿ ಹಿಮ, ಅಕ್ಟೋಬರ್ ನಡುವಿಗೆ ಮತ್ತೆ ದಾರಿ ಬಂದ್. ಪ್ಲಾನಿನಲ್ಲಿ ನಾನು ಬರೆಯುವುದು ಸೆಪ್ಟೆಂಬರ್. ಕೆರೆ ಕಡೆ ಫೋನ್ ಸಿಗುತ್ತದೆ ಅಂತ ನಂಬಬಾರದು. ಮನೆಯವರಿಗೆ ಕಾಜಾದಿಂದಲೇ ಹೇಳಿಬಿಡಬೇಕು.

ಇಳಿಯುವ ದಿನ ಕ್ಯಾಂಪಿನಿಂದ ಬೆಳಿಗ್ಗೆ ಬೇಗ ಹೊರಡಿಸಿ ಅಂತ ಡ್ರೈವರಿಗೆ ತಪ್ಪದೆ ಹೇಳುತ್ತೇನೆ. ಮನಾಲಿ ದಾರಿಯಲ್ಲಿ ಬಾತಲ್‌ನಿಂದ ಛತ್ರುವರೆಗಿನ ರಸ್ತೆಯನ್ನು ಹಳ್ಳಗಳು ಅಡ್ಡ ಹಾಯುತ್ತವೆ. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನ ನೀರು ಏರುತ್ತದೆ, ಬೆಳಿಗ್ಗೆ ಸುಮ್ನೆ ದಾಟಿದ ಹಳ್ಳ ಮೂರು ಗಂಟೆಗೆ ಗಾಡಿ ನಿಲ್ಲಿಸಬಹುದು. ಹಾಗಾಗಿ ವಾಪಸ್ ಫ್ಲೈಟಿಗೆ ಮುಂಚೆ ಮನಾಲಿಯಲ್ಲಿ ಒಂದು ದಿನ ಖಾಲಿ ಬಿಟ್ಟೇ ಟಿಕೆಟ್ ಮಾಡುತ್ತೇನೆ. ಆ ದಿನದ ರೂಮ್ ಬಾಡಿಗೆಯನ್ನು ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ, ಕಾರಣ ಸಮೇತ ಬರೆಯುತ್ತೇನೆ. ಕಾರಣ ಓದಿದ ಮೇಲೆ ಅದಕ್ಕೆ ಚೌಕಾಸಿ ಮಾಡುವವರು ಕಡಿಮೆ.