ನ್ಯೂಯಾರ್ಕಿನಲ್ಲಿ ಕಿಬ್ಲಾ ಈಶಾನ್ಯಕ್ಕೆ ಯಾಕೆ?

ಅಮೆರಿಕಕ್ಕೆ ಹೋದ ನಮ್ಮವರು ಅಲ್ಲಿನ ಮಸೀದಿಗೆ ಮೊದಲ ಸಲ ಕಾಲಿಟ್ಟಾಗ ಕೇಳುವ ಪ್ರಶ್ನೆ ಇದು. ಕಿಬ್ಲಾ ಅಂದರೆ ನಮಾಜ್ ಮಾಡುವಾಗ ಮುಖ ಮಾಡುವ ದಿಕ್ಕು, ಮೆಕ್ಕಾದಲ್ಲಿರುವ ಕಾಬಾ ಎಂಬ ಪವಿತ್ರ ಕಟ್ಟಡದ ಕಡೆ. ನ್ಯೂಯಾರ್ಕ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಮೆಕ್ಕಾ 21 ಡಿಗ್ರಿಯ ಹತ್ತಿರ. ಅಂದರೆ ಮೆಕ್ಕಾ ಎಷ್ಟೋ ದಕ್ಷಿಣಕ್ಕಿದೆ. ಹಾಗಿದ್ದರೆ ಆಗ್ನೇಯಕ್ಕೆ ಮುಖ ಮಾಡಬೇಕು ಅಲ್ವಾ? ಆದರೆ ಅಲ್ಲಿ ಹೆಚ್ಚಿನ ಮಸೀದಿಗಳಲ್ಲಿ ಸಫ್, ಅಂದರೆ ನಮಾಜಿಗೆ ನಿಲ್ಲುವ ಸಾಲು, ಹಾಸಿರುವುದು ಈಶಾನ್ಯದ ಕಡೆಗೆ, ಉತ್ತರದಿಂದ ಪೂರ್ವಕ್ಕೆ ಸುಮಾರು 58 ಡಿಗ್ರಿ ತಿರುಗಿದರೆ ಸಿಗುವ ದಿಕ್ಕಿಗೆ. ಆಗ್ನೇಯವೇ ಸರಿ ಎಂದು ವಾದಿಸುವವರು ಈಗಲೂ ಇದ್ದಾರೆ. ನನಗಂತೂ ಅನುಮಾನವೇ ಇಲ್ಲ, ಈಶಾನ್ಯವೇ ಸರಿ.

ಗೋಡೆಗೆ ನೇತುಹಾಕಿದ ನಕಾಶೆ ಬಿಡಿ, ಮಕ್ಕಳ ಹತ್ತಿರ ಗ್ಲೋಬ್ ಇದ್ದರೆ ತಗೊಳ್ಳಿ. ದಾರದ ಒಂದು ತುದಿ ನ್ಯೂಯಾರ್ಕಿನ ಮೇಲೆ, ಇನ್ನೊಂದು ಮೆಕ್ಕಾದ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಆಫ್ರಿಕಾದ ಕಡೆ ನೇರ ಹೋಗುವುದಿಲ್ಲ. ಮೊದಲು ಮೇಲಕ್ಕೆ ಏರುತ್ತದೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದಾಟಿ, ಅಟ್ಲಾಂಟಿಕ್ ನಡುವೆ 50 ಡಿಗ್ರಿ ಅಕ್ಷಾಂಶದ ಹತ್ತಿರಕ್ಕೆ ಹೋಗಿ, ಅಲ್ಲಿಂದ ಇಳಿಯುತ್ತಾ ಫ್ರಾನ್ಸ್, ಮೆಡಿಟರೇನಿಯನ್, ಈಜಿಪ್ಟ್, ಕೆಂಪು ಸಮುದ್ರ ದಾಟಿ ಮೆಕ್ಕಾ ಸೇರುತ್ತದೆ. ಉಂಡೆಯಾದ ಭೂಮಿಯ ಮೇಲೆ ಅದೇ ಅತಿ ಹತ್ತಿರದ ದಾರಿ, ಎಡಕ್ಕೂ ಬಲಕ್ಕೂ ವಾಲದ ದಾರಿ. ನ್ಯೂಯಾರ್ಕಿನಲ್ಲಿ ಆ ದಾರ ಹೊರಡುವ ದಿಕ್ಕೇ ಕಿಬ್ಲಾ.

ಆಗ್ನೇಯದವರ ವಾದವನ್ನೂ ಕೇಳಬೇಕು. ದಿಕ್ಸೂಚಿಯಲ್ಲಿ ಒಂದೇ ದಿಕ್ಕು ಹಿಡಿದು ಹೋದರೂ ಮೆಕ್ಕಾ ತಲುಪುತ್ತೇವಲ್ಲ ಎನ್ನುತ್ತಾರೆ. ತಲುಪುತ್ತೇವೆ, ನಿಜ. ನಮಗೆಲ್ಲ ಶಾಲೆಯಿಂದ ಪರಿಚಯವಿರುವ ಮರ್ಕೇಟರ್ ನಕಾಶೆಯನ್ನು 1569ರಲ್ಲಿ ಮಾಡಿದ್ದೇ ಹಡಗಿನವರು ಹಾಗೆ ಹೋಗಲಿ ಎಂದು. ಆದರೆ ಆ ದಾರಿ ಕಾಗದದ ಮೇಲೆ ಮಾತ್ರ ನೇರ. ಉತ್ತರ ಧ್ರುವದಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಬರೀ ಪೂರ್ವಕ್ಕೆ ಹೋಗುತ್ತೇನೆ ಎಂದು ಹೊರಡಿ ನೋಡೋಣ. ಧ್ರುವದ ಸುತ್ತ ಒಂದು ಸಣ್ಣ ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತೀರಿ. ಹೆಜ್ಜೆ ಹೆಜ್ಜೆಗೂ ತಿರುಗಬೇಕಾದ ದಾರಿಯನ್ನು ನೇರ ಎನ್ನಲು ಆಗುವುದಿಲ್ಲ. ಮೆಕ್ಕಾದ ಕಡೆ ಮುಖ ಮಾಡುವುದು ಅಂದರೆ ಈ ಕ್ಷಣಕ್ಕೆ ನಾನು ಯಾವ ಕಡೆ ನೋಡುತ್ತಿದ್ದೇನೆ ಅನ್ನುವ ಮಾತು. ಅಲ್ಲಿಗೆ ಹಡಗಿನಲ್ಲಿ ಹೇಗೆ ಹೋಗುತ್ತೇನೆ ಅನ್ನುವುದು ಬೇರೆ.

ನಮ್ಮ ಕಡೆ ಈ ಜಗಳ ಬರುವುದಿಲ್ಲ. ಇಲ್ಲಿ ಕಿಬ್ಲಾ ಅಂದರೆ ಪಶ್ಚಿಮ, ಅಷ್ಟೇ. ಲೆಕ್ಕ ಹಾಕಿದರೆ ಬೆಂಗಳೂರಿನಿಂದ ಅದು ಪಶ್ಚಿಮಕ್ಕಿಂತ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲುತ್ತದೆ, ಕಲಬುರಗಿಯಿಂದ ಸುಮಾರು 13. ನನಗೆ ಜಾಸ್ತಿ ಇಷ್ಟವಾಗುವುದು ಕೋಲ್ಕತ್ತದ ಲೆಕ್ಕ. ಆ ಊರು ಮೆಕ್ಕಾಕ್ಕಿಂತ ಒಂದು ಡಿಗ್ರಿ ಉತ್ತರಕ್ಕೇ ಇದೆ. ನಕಾಶೆ ನೋಡಿದರೆ ಪಶ್ಚಿಮದಿಂದ ಚೂರು ದಕ್ಷಿಣಕ್ಕೆ ತಿರುಗಬೇಕು ಅನಿಸುತ್ತದೆ. ನಿಜವಾದ ದಿಕ್ಕು ಪಶ್ಚಿಮದಿಂದ 8 ಡಿಗ್ರಿ ಉತ್ತರಕ್ಕೆ! ನ್ಯೂಯಾರ್ಕಿನ ಕಥೆಯೇ ಇಲ್ಲೂ, ಸಣ್ಣ ಪ್ರಮಾಣದಲ್ಲಿ.

ಇದೆಲ್ಲ ಮೊಬೈಲ್ ಆಪ್ ಬಂದ ಮೇಲೆ ಹುಟ್ಟಿದ್ದು ಎಂದು ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ. ಹಿಂದಿನ ಕಾಲದ ದೊಡ್ಡ ವಿದ್ವಾಂಸ ಅಲ್ ಬಿರೂನಿ ಈಗಿನ ಅಫ್ಘಾನಿಸ್ತಾನದ ಘಜ್ನಿಯ ಕಿಬ್ಲಾ ಕಂಡುಹಿಡಿಯಲೆಂದೇ ಊರೂರಿನ ಅಕ್ಷಾಂಶ, ರೇಖಾಂಶಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಗ್ರಂಥವನ್ನೇ ಬರೆದರು. ಅದು ಮುಗಿದದ್ದು 1025ರಲ್ಲಿ. 14ನೇ ಶತಮಾನದಲ್ಲಿ ಡಮಾಸ್ಕಸ್ಸಿನ ಖಗೋಳಜ್ಞ ಅಲ್ ಖಲೀಲಿ ಒಂದೊಂದು ಡಿಗ್ರಿ ಅಕ್ಷಾಂಶ, ರೇಖಾಂಶಕ್ಕೂ ಕಿಬ್ಲಾ ಎಷ್ಟು ಎಂದು ಕೋಷ್ಟಕಗಳನ್ನೇ ಮಾಡಿಟ್ಟರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಗೋಳದ ಮೇಲಿನ ತ್ರಿಕೋನಗಳ ಲೆಕ್ಕವನ್ನು ಸಾವಿರಾರು ಸಲ ಕೈಯಲ್ಲೇ ಮಾಡಿ. ಇವತ್ತಿನ ಆಪ್‌ಗಳು ಹಾಕುವುದೂ ಅದೇ ಲೆಕ್ಕ. ವಾಷಿಂಗ್ಟನ್ನಿನಲ್ಲಿ 1957ರಲ್ಲಿ ಉದ್ಘಾಟನೆಯಾದ ಇಸ್ಲಾಮಿಕ್ ಸೆಂಟರ್ ಮಸೀದಿಯನ್ನು ಈ ಲೆಕ್ಕದ ಮೇಲೇ ಈಶಾನ್ಯಕ್ಕೆ ಕಟ್ಟಿದ್ದಾರೆ. ಮುಂದಿನ ಕಮಾನುಗಳ ಸಾಲು ರಸ್ತೆಗೆ ನೆಟ್ಟಗಿದೆ, ಹಿಂದಿರುವ ಮಸೀದಿ ಮಾತ್ರ ಓರೆಯಾಗಿ ತಿರುಗಿ ನಿಂತಿದೆ.

ಲೆಕ್ಕ ನಂಬಿಕೆಯಾಗದಿದ್ದರೆ ಸೂರ್ಯನನ್ನೇ ಕೇಳಬಹುದು. ಪ್ರತಿ ವರ್ಷ ಮೇ 28ರ ಸುಮಾರಿಗೆ ಮತ್ತು ಜುಲೈ 16ರ ಸುಮಾರಿಗೆ ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ. ಭಾರತದ ಗಡಿಯಾರದಲ್ಲಿ ಮೇ ತಿಂಗಳಲ್ಲಿ ಮಧ್ಯಾಹ್ನ 2:48, ಜುಲೈಯಲ್ಲಿ 2:57. ಆ ಗಳಿಗೆಯಲ್ಲಿ ಸೂರ್ಯ ಅಂದರೆ ಕಾಬಾದ ಮೇಲೆ ಎತ್ತರದಲ್ಲಿ ಹಚ್ಚಿಟ್ಟ ದೀಪ ಇದ್ದ ಹಾಗೆ. ಟೆರೇಸಿನ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ವಾಲಿಲ್ಲ ಎಂದು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಆಗ ನೆರಳು ಮುಕ್ಕಾಲು ಮೀಟರಿನಷ್ಟು ಉದ್ದ ಇರುತ್ತದೆ. ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅದೇ ಕಿಬ್ಲಾ.

ನ್ಯೂಯಾರ್ಕಿನಲ್ಲಿ ಆ ಹೊತ್ತಿಗೆ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ, ಹುಟ್ಟಲು ಹತ್ತು ನಿಮಿಷ ಇರುತ್ತದೆ. ಬೆಳಕು ಹರಿಯುತ್ತಿರುವುದು ಯಾವ ಕಡೆ? ಈಶಾನ್ಯದಲ್ಲಿ! ನೆರಳೇ ಬೇಕೆಂದರೆ ನವೆಂಬರ್ 28ರ ಸಂಜೆ 4:09ಕ್ಕೆ ಬಯಲಿಗೆ ಹೋಗಬೇಕು. ಆಗ ಸೂರ್ಯ ಪೆಸಿಫಿಕ್ ಸಾಗರದಲ್ಲಿ, ಕಾಬಾಕ್ಕೆ ಸರಿಯಾಗಿ ಭೂಮಿಯ ಆಚೆ ಬದಿಯಲ್ಲಿರುವ ಜಾಗದ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ನೆರಳು ಬೀಳುವ ಕಡೆಯೇ ಕಿಬ್ಲಾ. ನೈಋತ್ಯದಲ್ಲಿ ಮುಳುಗುತ್ತಿರುವ ಸೂರ್ಯ ಉದ್ದನೆಯ ನೆರಳನ್ನು ಈಶಾನ್ಯಕ್ಕೆ ಚಾಚಿರುತ್ತಾನೆ. ಆಗ್ನೇಯ ಎಂದು ವಾದಿಸುವ ಗೆಳೆಯರನ್ನು ಅವತ್ತು ಜೊತೆಗೆ ಕರೆದುಕೊಂಡು ಹೋಗಿ.

ಹಾಗಂತ ಹಳೇ ಮಸೀದಿಗಳು ತಪ್ಪು, ಅಲ್ಲಿ ಮಾಡಿದ ನಮಾಜ್ ಸಲ್ಲುವುದಿಲ್ಲ ಎಂದು ಯಾರೂ ಗಲಾಟೆ ಎಬ್ಬಿಸಬೇಡಿ. ದೂರದಲ್ಲಿರುವವರು ಸುಮಾರಾಗಿ ಆ ಕಡೆಗೆ ತಿರುಗಿದರೆ ಸಾಕು ಎಂದು ಹಿಂದಿನಿಂದಲೂ ಬಹಳಷ್ಟು ವಿದ್ವಾಂಸರು ಹೇಳಿದ್ದಾರೆ. ಮುಸ್ಲಿಮರ ಸ್ಪೇನಿನ ಕಾರ್ಡೋಬಾದ ದೊಡ್ಡ ಮಸೀದಿ ಲೆಕ್ಕದ ದಿಕ್ಕಿಗಿಂತ ಎಷ್ಟೋ ಜಾಸ್ತಿ ದಕ್ಷಿಣಕ್ಕೆ ತಿರುಗಿದೆ, ಅಲ್ಲಿ ಶತಮಾನಗಳ ಕಾಲ ನಮಾಜ್ ನಡೆಯಿತು. ಇನ್ನೊಂದು ಕಡೆ ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ 19ನೇ ಶತಮಾನದ ಕೊನೆಗೆ ಧರ್ಮ ವಿದ್ವಾಂಸ ಅಹ್ಮದ್ ದಹ್ಲಾನ್ ಅವರು ದೊಡ್ಡ ಮಸೀದಿಯ ದಿಕ್ಕನ್ನು ವಾಯವ್ಯಕ್ಕೆ ತಿದ್ದಬೇಕು ಎಂದಿದ್ದಕ್ಕೆ ಅವರ ಪುಟ್ಟ ಪ್ರಾರ್ಥನಾ ಮಂದಿರವನ್ನೇ ಕೆಡವಿದರು. ಅದೇ ದೇಶದ ಉಲೇಮಾ (ಧರ್ಮ ವಿದ್ವಾಂಸರ) ಮಂಡಳಿ 2010ರಲ್ಲಿ ಮೊದಲು ಪಶ್ಚಿಮ ಎಂದು ಫತ್ವಾ ಕೊಟ್ಟು, ಅದೇ ವರ್ಷ ವಾಯವ್ಯ ಎಂದು ತಿದ್ದಿಕೊಂಡಿತು. ಕಟ್ಟಡ ಒಡೆಯುವ ಅಗತ್ಯವೇ ಇಲ್ಲ. ಒಳಗೆ ಜಮಖಾನೆ ಸ್ವಲ್ಪ ಓರೆಯಾಗಿ ಹಾಸಿದರೆ ಆಯಿತು.

ಮೊಬೈಲಿನ ದಿಕ್ಸೂಚಿಯನ್ನು ಮಾತ್ರ ಸುಮ್ನೆ ನಂಬಬೇಡಿ. ಕಬ್ಬಿಣದ ಬೀರು, ಕಾರು ಹತ್ತಿರ ಇದ್ದರೆ ಅದು ತಪ್ಪು ತೋರಿಸುತ್ತದೆ. ಜುಲೈಯಲ್ಲಿ ನಮ್ಮಲ್ಲಿ ಮೋಡ ಜಾಸ್ತಿ, ಆದ್ದರಿಂದ ಮೇ ತಿಂಗಳಲ್ಲೇ ಕೋಲು ನಿಲ್ಲಿಸಿ ನೋಡಿ. ಅವತ್ತೂ ಮೋಡ ಬಂದರೆ ಮರುದಿನ ಅದೇ ಸಮಯಕ್ಕೆ ನೋಡಿದರೂ ನಡೆಯುತ್ತದೆ, ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.