ಎರಡು ಪಿನ್ನಿಗೂ 48 ಬಂತಲ್ಲ ಅಂತ ಬೀಗಿದ್ದೆ

ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಮೈಕಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಇಂಟರ್‌ಫೇಸ್‌ನಲ್ಲಿ ಒಂದು ಚಾನೆಲ್ ಸತ್ತು ಮೂರು ತಿಂಗಳಾಗಿತ್ತು. ಉಳಿದದ್ದು ಗೇನ್ ಏರಿಸಿದರೆ ಸುಯ್ ಅನ್ನುತ್ತಿತ್ತು. ಓನರ್ ಹತ್ತಿರ ಹೋದಾಗಲೆಲ್ಲ "ಮುಂದಿನ ತಿಂಗಳು ನೋಡೋಣ". ಆ ಮುಂದಿನ ತಿಂಗಳು ರಿಸೆಪ್ಷನ್‌ಗೆ ಹೊಸ ಸೋಫಾ ಬಂತು. ರೋಸಿಹೋಗಿ ನಾನೇ ಒಂದು ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಡಬ್ಬಿ) ಕಿಟ್ ತರಿಸಿದೆ. ಐಎನ್‌ಎ217 ಚಿಪ್ಪಿನದು, ಒಂದೇ ಚಾನೆಲ್. ಡಬ್ಬಿ, ಮೈಕ್ ಚುಚ್ಚುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ಟು ಎಸ್.ಪಿ. ರೋಡಿನಿಂದ.

ಶನಿವಾರ ರಾತ್ರಿ ಬೆಸುಗೆಗೆ ಕೂತೆ. ಕೇಬಲ್ಲಿನಲ್ಲೇ ಮೈಕಿಗೆ 48 ವೋಲ್ಟ್ ಕಳಿಸೋದು ಫ್ಯಾಂಟಮ್ ಸಪ್ಲೈ. ಅದಕ್ಕೆ ಪಿನ್ 2ಕ್ಕೊಂದು, ಪಿನ್ 3ಕ್ಕೊಂದು ಹಾಕುವ 6.81 ಕೆ (ಕಿಲೋಓಮ್) ರೆಸಿಸ್ಟರ್ ಜೋಡಿಯಲ್ಲಿ ಒಂದು, ಅದರ ಕಾಲು ಬಗ್ಗಿಸುವಾಗ ಚಿಮ್ಮಿ ಎಲ್ಲೋ ಹೋಯಿತು. ಮಂಡಿಯೂರಿ ಹುಡುಕಿದರೂ ಸಿಗಲಿಲ್ಲ. ಇರಲಿ, ನನ್ನ ಡಬ್ಬದಲ್ಲಿ 6.8 ಕೆ ಇದೆಯಲ್ಲ! ಎರಡರ ನಡುವೆ ವ್ಯತ್ಯಾಸ 0.4 ಪರ್ಸೆಂಟ್ ಒಳಗಿರಬೇಕು ಅನ್ನೋದು ಗೊತ್ತಿತ್ತು. ಹತ್ತು ಓಮ್ ಅಂದರೆ ಸುಮಾರು 0.15 ಪರ್ಸೆಂಟ್. ಪಾಸ್. (ಒಂದು ಪರ್ಸೆಂಟ್ ಟಾಲರೆನ್ಸಿನ ರೆಸಿಸ್ಟರ್ ಇಟ್ಕೊಂಡು ಇದೆಂಥ ಲೆಕ್ಕ ಅಂತ ಕೇಳಬೇಡಿ, ರಾತ್ರಿ ಒಂದು ಗಂಟೆಯಾಗಿತ್ತು.) ನೀಲಿ, ಬೂದು, ಕಪ್ಪು, ಕಂದು ಅಂತ ರೆಸಿಸ್ಟರಿನ ಬಣ್ಣದ ಪಟ್ಟಿ ಓದಿ ಬೆಸೆದುಬಿಟ್ಟೆ. ಮಲ್ಟಿಮೀಟರ್ ಮೊಣಕೈ ಪಕ್ಕದಲ್ಲೇ ಇತ್ತು.

ಭಾನುವಾರ ಟೆಸ್ಟ್. ಪಿನ್ 2, ಪಿನ್ 3 ಎರಡರಲ್ಲೂ ಹೆಚ್ಚುಕಮ್ಮಿ 48 ವೋಲ್ಟ್. ಫ್ಯಾಂಟಮ್ ಆಫ್ ಮಾಡಿ ಎಸ್‌ಎಂ58 ಡೈನಾಮಿಕ್ ಮೈಕ್ ಚುಚ್ಚಿದೆ. ಹಮ್ ಇಲ್ಲ, ಹಿಸ್ ಇಲ್ಲ. ಓನರ್‌ಗೆ ಫೋಟೊ ಕಳಿಸಿದೆ, ಹೆಬ್ಬೆಟ್ಟು ಬಂತು.

ಸೋಮವಾರ ಹತ್ತಕ್ಕೆ ಸೆಷನ್. ನಾನು ಹುಟ್ಟುವ ಮೊದಲಿಂದ ಡಬ್ಬಿಂಗ್ ಮಾಡುತ್ತಿರುವ ಹಿರಿಯರು, ವಿಲನ್ ಪಾತ್ರ. ಫ್ಯಾಂಟಮ್ ಬೇಕಾದ ಕಂಡೆನ್ಸರ್ ಮೈಕ್ ಹಾಕಿದೆ. ಪಿಸುಮಾತಿನ ಲೂಪ್‌ಗಳು (ಒಂದೊಂದಾಗಿ ಡಬ್ ಮಾಡುವ ಸಣ್ಣ ತುಣುಕುಗಳು) ಸೊಗಸಾಗಿ ಬಂದವು. ಆಮೇಲೆ ಅಬ್ಬರಿಸುವ ಲೂಪ್. "ಏಯ್" ಅನ್ನುತ್ತಿದ್ದಂತೆ ಬಟ್ಟೆ ಹರಿದ ಹಾಗೆ ಪರ್ ಅಂತ ಒಡೆಯಿತು.

ಗೇನ್ ಇಳಿಸಿದೆ. ಮೀಟರ್ ಇಳಿಯಿತು, ಒಡೆಯೋದು ಹಾಗೇ ಉಳಿಯಿತು. ಅಲ್ಲೇ ಹೊಳೆಯಬೇಕಿತ್ತು: ಗೇನಿಗೆ ಬಗ್ಗದ ಸದ್ದು ಗೇನಿಗಿಂತ ಮೊದಲೇ, ಮೈಕಿನಲ್ಲೇ ಕೆಟ್ಟು ಬರ್ತಿದೆ ಅಂತ. ಆದರೆ ನಾನೇ ಕಟ್ಟಿದ ಡಬ್ಬಿ! ಬೂತಿಗೆ ಮಾತಾಡುವ ಟಾಕ್‌ಬ್ಯಾಕ್ ಒತ್ತಿ, "ಸಾರ್, ಸ್ವಲ್ಪ ಹಿಂದೆ ನಿಂತ್ಕೋತೀರಾ?" ಅಂದೆ. ನಿಂತರು. ಮತ್ತೆ ಪರ್. "ಸ್ವಲ್ಪ ಪಕ್ಕಕ್ಕೆ ತಿರುಗಿ ಸಾರ್." ತಿರುಗಿದರು. ಐದನೇ ಟೇಕ್‌ಗೆ, ನಾಚಿಕೆ ಬಿಟ್ಟು, "ಸಾರ್, ಸ್ವಲ್ಪ ಮೆತ್ತಗೆ ಅಬ್ಬರಿಸಿ" ಅಂದುಬಿಟ್ಟೆ. ಗಾಜಿನಾಚೆ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದರು. "ಮೆತ್ತಗೆ ಅಬ್ಬರಿಸೋದು ಹೇಗಪ್ಪಾ, ನೀನೇ ಒಂದ್ಸಲ ತೋರಿಸು." ಡೈರೆಕ್ಟರ್ ಮೊಬೈಲ್ ನೋಡುವ ಹಾಗೆ ನಟಿಸಿದರು.

ನಲವತ್ತು ನಿಮಿಷ ಹಾಳು ಮಾಡಿದ ಮೇಲೆ ಇಂಟರ್‌ಫೇಸಿನ ಅದೇ ಸುಯ್ ಚಾನೆಲ್‌ಗೆ ಹಾಕಿದೆ. ಮೊದಲ ಟೇಕೇ ಓಕೆ.

ರಾತ್ರಿ ಡಬ್ಬಿ ಬಿಚ್ಚಿದೆ. ಈ ಸಲ ವೋಲ್ಟ್ ಅಲ್ಲ, ಮೀಟರನ್ನು ಮಿಲಿಆಂಪಿಗೆ ತಿರುಗಿಸಿ ಪಿನ್ 2ರಿಂದ ಪಿನ್ 1ಕ್ಕೆ, ಅಂದರೆ ಗ್ರೌಂಡಿಗೆ, ಹಿಡಿದೆ: 7. ಪಿನ್ 3ರಿಂದ: 0.7. ಮೊದಲು ಮೀಟರ್ ಬ್ಯಾಟರಿ ಹೋಗಿದೆ ಅಂದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ ನಾಲ್ಕನೇ ಪಟ್ಟಿ ಕಂದಲ್ಲ, ಕೆಂಪು. 68 ಕೆ. ಹತ್ತು ಓಮಿಗೆ ಲೆಕ್ಕ ಹಾಕುತ್ತಾ ಹತ್ತು ಪಟ್ಟನ್ನು ಬೆಸೆದಿದ್ದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಮ್ಮಿ, ಹಾಗಾಗಿ ಲೋಡ್ ಇಲ್ಲದೆ ಅಳೆದರೆ 68 ಕೆ ಆಚೆಯೂ 48 ತೋರಿಸುತ್ತೆ. ಮೈಕ್ ನಾಲ್ಕು ಮಿಲಿಆಂಪ್ ಕೇಳಿದರೆ ಸಿಗೋದು ಹೆಚ್ಚೂಕಡಿಮೆ ಒಂದೇ ಪಿನ್ನಿಂದ. ಎರಡೂ ಸರಿಯಿದ್ದರೆ 34 ವೋಲ್ಟ್ ಉಳಿಯಬೇಕಾದ ಕಡೆ 23. ಪಿಸುಮಾತಿಗೆ ಸಾಕು, ವಿಲನ್‌ಗೆ ಸಾಲದು. ಎಸ್‌ಎಂ58ಗೆ ಫ್ಯಾಂಟಮ್ಮೇ ಬೇಡ, ಅದರಲ್ಲಿ ಟೆಸ್ಟ್ ಮಾಡಿ ನಾನು ಕಂಡುಹಿಡಿದದ್ದೇನು ಅಂತ ಈಗಲೂ ಕೇಳಿಕೊಳ್ಳುತ್ತೇನೆ.

ಕಳೆದುಹೋದ ರೆಸಿಸ್ಟರ್ ನನ್ನ ಚಪ್ಪಲಿಯೊಳಗೆ ಸಿಕ್ಕಿತು. ಅದನ್ನೇ ಹಾಕಿದೆ, ಅಳೆದು. ಪ್ರೀಆಂಪ್ ಈಗ ದಿನಾ ಓಡುತ್ತಿದೆ, ಕಿಟ್‌ನ ದುಡ್ಡು ಓನರ್‌ನಿಂದ ಇನ್ನೂ ಬಂದಿಲ್ಲ. ಆ ಹಿರಿಯರು ಮುಂದಿನ ವಾರ ಬಂದವರು ಬೂತ್ ಬಾಗಿಲಲ್ಲೇ ನಿಂತರು. "ಇವತ್ತು ಎಲ್ಲಿ ನಿಲ್ಲಲಿ ಇಂಜಿನಿಯರ್ ಸಾಹೇಬ್ರೇ, ಒಳಗೋ ರಸ್ತೆ ಮೇಲೋ?"