ಹತ್ತದ ಹಳದಿ ದೀಪ

16 ಏಪ್ರಿಲ್ 2025, ಬುಧವಾರ
ನವನಗರ, ಬಾಗಲಕೋಟೆ

ಕಾರು ಮನೆಗೆ ಬಂತು. ರಾತ್ರಿ ಹನ್ನೊಂದಾದರೂ ಸೆಕೆ ಇಳಿದಿಲ್ಲ. ನಿದ್ದೆ ಹತ್ತಲಿಲ್ಲ, ಎದ್ದು ಬರೆಯುತ್ತಾ ಕೂತಿದ್ದೇನೆ.

ಹೋದ ವಾರ ಲೋಕಾಪುರದಿಂದ ಬರುವಾಗ ಕಲಾದಗಿ ದಾಟಿದ ಮೇಲೆ ಕಾರು ನಿಂತುಬಿಟ್ಟಿತ್ತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಕಾರು ಕೆಮ್ಮಲಿಲ್ಲ, ಜಗ್ಗಲಿಲ್ಲ. ದೀಪ ಆರಿಸಿದ ಹಾಗೆ ಇಂಜಿನ್ ಬಂದ್ ಆಯಿತು. ಅವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಸುಮ್ನೆ ಕೂತಿದ್ದಳು. ಬೇವಿನ ಮರದ ನೆರಳಿಗೆ ತಳ್ಳಿ ಅರ್ಧ ತಾಸು ಬಿಟ್ಟ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಮರುದಿನ ಮಧ್ಯಾಹ್ನ ಮತ್ತೆ ಅದೇ. ಮೂರನೇ ದಿನ ಚಾಲೂ ಆಗಲೇ ಇಲ್ಲ.

ಆಮೇಲಿನ ನಾಲ್ಕು ದಿನ ಬರೆಯಲು ಮನಸ್ಸಿಲ್ಲ. ಪ್ಲಗ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿದರು. ಆರು ಸಾವಿರದ ಮೇಲೆ ಹೋಯಿತು. ಕೊನೆಗೆ ದೊಡ್ಡ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಚ್ಚಿದರೆ ಕಾರಿನಿಂದ ಉತ್ತರವೇ ಇಲ್ಲ. ಅಲ್ಲಿನ ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ.

"ಇಸಿಎಂ ಹೋಗೇತ್ರಿ ಮೇಡಂ. ಈ ಮಾಡೆಲ್‌ದು ಈಗ ಬರೂದಿಲ್ಲ. ಗುಜರಿಗೆ ಹಾಕಿಬಿಡ್ರಿ."

ಇಸಿಎಂ ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. ಇಂಜಿನ್ ಗಟ್ಟಿಯಾಗಿದೆ. ಹೊಗೆ ಇಲ್ಲ, ಎಣ್ಣೆ ಕುಡಿಯುವುದಿಲ್ಲ. 2003ರ ಗಾಡಿ ಅಂತ 2023ರಲ್ಲಿ 5000 ರೂಪಾಯಿ ಶುಲ್ಕ ಕಟ್ಟಿ, ತಪಾಸಣೆ ಮಾಡಿಸಿ ಆರ್‌ಸಿಯನ್ನು ಇನ್ನೈದು ವರ್ಷ ಮುಂದುವರಿಸಿಕೊಂಡು ಬಂದಿದ್ದೇನೆ. ಅದೆಲ್ಲ ಇರಲಿ. ಇದು ಮುಳುಗಡೆ ದುಡ್ಡಿನ ಕಾರು. ಘಟಪ್ರಭೆಯ ದಂಡೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಬಂದ ಪರಿಹಾರದಲ್ಲಿ ಇಲ್ಲಿ ಮನೆ ಕಟ್ಟಿಸಿ, ಮಿಕ್ಕಿದ್ದರಲ್ಲಿ ಅಪ್ಪಾಜಿ ಇದನ್ನು ತಂದರು. ಆ ಮನೆಯ ಪಾಲಿಗೆ ಉಳಿದದ್ದು ಹಿತ್ತಾಳೆ ಹಂಡೆ ಮತ್ತು ಈ ಕಾರು. ಗುಜರಿ ಅಂದ ಕೂಡಲೇ ನನಗೆ ಆ ಹುಡುಗನ ಮುಂದೆ ನಿಲ್ಲಲು ಆಗಲಿಲ್ಲ.

ನಿನ್ನೆ ಸಂಜೆ ವಲ್ಲಭಭಾಯಿ ಚೌಕದ ಕಡೆ ಹೋದೆ. ನಮ್ಮ ಟೀವಿ ಕಾಕಾ ಇನ್ನೂ ಅಂಗಡಿ ತೆಗೆಯುತ್ತಾರೆ. ಡಬ್ಬಾ ಟೀವಿಗಳ ಕಾಲ ಮುಗಿದ ಮೇಲೆ ಬೋರ್‌ವೆಲ್ ಸ್ಟಾರ್ಟರ್, ಇನ್ವರ್ಟರ್, ಈಗೀಗ ಗಾಡಿಗಳ ಬೋರ್ಡು. ಡ್ಯಾಶ್‌ಬೋರ್ಡಿನ ಕೆಳಗಿಂದ ಬಿಚ್ಚಿಸಿದ ಇಸಿಎಂನ ಅಲ್ಯೂಮಿನಿಯಂ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಕಾಕಾ ಅದನ್ನು ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಇದು.

"ಕೀಲಿ ತಿರುವಿದ ಕೂಡಲೇ ಹಳದಿ ಇಂಜಿನ್ ದೀಪ ಹತ್ತತಿತ್ತೇನು?"

"ಇಲ್ಲ ಕಾಕಾ. ದೀಪ ಇಲ್ಲ ಅಂದ್ರ ತೊಂದರೆ ಇಲ್ಲ ಅಂತ ತಿಳಕೊಂಡಿದ್ದೆ."

"ಹಂಗಲ್ಲ ತಂಗಿ. ಹತ್ತಬೇಕು, ಇಂಜಿನ್ ಚಾಲೂ ಆದ ಮ್ಯಾಲ ಆರಬೇಕು. ಹತ್ತಲೇ ಇಲ್ಲ ಅಂದ್ರ ಡಬ್ಬಿಗೆ ಎಚ್ಚರನ ಇಲ್ಲ. ಹಿಂದ ಪೆಟ್ರೋಲ್ ಪಂಪು ಎರಡು ಸೆಕೆಂಡ್ ಗುಂಯ್ ಅಂತೈತಲ್ಲ, ಅದೂ ಕೇಳಿರಾಕಿಲ್ಲ."

ಹೌದು, ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಸದ್ದು ದಿನಾ ಕಿವಿಗೆ ಬಿದ್ದಿದೆ. ನಿಂತಾಗ ಗೊತ್ತಾಗಲಿಲ್ಲ.

ಫ್ಯೂಸು, ರಿಲೇ, ಅರ್ಥಿಂಗ್ ವೈರು ಎಲ್ಲ ನೋಡಿದ್ದಾರಾ ಅಂತ ಕೇಳಿದರು. ಡಬ್ಬಿಗೆ ಕರೆಂಟ್ ಬರದಿದ್ದರೂ ಇದೇ ಲಕ್ಷಣವಂತೆ, ಎಷ್ಟೋ ಒಳ್ಳೆ ಡಬ್ಬಿಗಳನ್ನು ಸುಮ್ನೆ ಕಿತ್ತು ಒಗೆಯುತ್ತಾರಂತೆ. ನೋಡಿದ್ದಾರೆ ಅಂದೆ. ಮುಂದಿನ ಪ್ರಶ್ನೆ: ಇತ್ತೀಚೆಗೆ ಗಾಡಿಗೆ ವೆಲ್ಡಿಂಗ್ ಮಾಡಿಸಿದ್ದೀಯಾ? ದೀಪಾವಳಿಗೆ ಮುಂಚೆ ಸೈಲೆನ್ಸರ್ ಬೆಸೆಸಿದ್ದೆ. ಬ್ಯಾಟರಿ ತಂತಿ ಬಿಚ್ಚಿದ್ದರಾ? ನೆನಪಿಲ್ಲ. ಕಾಕಾ ತಲೆ ಅಲ್ಲಾಡಿಸಿದರು. ವೆಲ್ಡಿಂಗ್ ಮಾಡುವಾಗ ತಂತಿ ಬಿಚ್ಚದಿದ್ದರೆ, ಬೇರೆ ಬ್ಯಾಟರಿ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ, ಡಬ್ಬಿ ಒಂದೇ ಏಟಿಗೆ ಸಾಯಬಹುದು. ನಮ್ಮದಕ್ಕೆ ಹಾಗಾಗಿಲ್ಲ ಅಂತ ಆಮೇಲೆ ಗೊತ್ತಾಯಿತು. ಓದುವವರಿಗೆ ಹಳೇ ಗಾಡಿ ಇದ್ದರೆ ಇದನ್ನು ಮಾತ್ರ ನೆನಪಿಡಿ.

ನಾಲ್ಕು ಸ್ಕ್ರೂ ಬಿಚ್ಚಿದರು. ಮುಚ್ಚಳ ಎತ್ತಿದ ಕೂಡಲೇ ಕೊಳೆತ ಮೀನಿನಂಥ ವಾಸನೆ. "ಕಂಡೆನ್ಸರ್ ಸೋರೇತಿ" ಅಂದರು, ಇನ್ನೂ ನೋಡುವ ಮುಂಚೆಯೇ. ಕಂಡೆನ್ಸರ್ ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಸಣ್ಣ ಬಿಡಿಭಾಗ. ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಬೆರಳ ತುದಿಯಷ್ಟು ದಪ್ಪದ ಮೂರು ಕಪ್ಪು ಕಂಡೆನ್ಸರುಗಳು. ಒಂದರ ಬುಡದಲ್ಲಿ ಕಂದು ಅಂಟು. ಅದು ಹರಿದ ದಾರಿಯಲ್ಲಿ ತಾಮ್ರದ ಗೆರೆ ಹಸಿರಾಗಿ, ಮುಂದೆ ಹೋಗಿ ಇಲ್ಲವೇ ಇಲ್ಲ. ತಿಂದು ಹಾಕಿದೆ. ಸೂಜಿ ತಾಗಿಸಿದರೆ ಪುಡಿಯಾಯಿತು. ಮೂರನೇ ದಿನ ಕಾರು ಸತ್ತಿದ್ದು ಅಲ್ಲಿ.

ಮೊದಲೆರಡು ದಿನ ಬಿಸಿಲಿಗೆ ನಿಂತು ನೆರಳಿಗೆ ಎದ್ದಿದ್ದು ಬೇರೆ ರೋಗ. ಒಂದು ದೊಡ್ಡ ಟ್ರಾನ್ಸಿಸ್ಟರಿನ ಕಾಲಿನ ಸುತ್ತ ಸೋಲ್ಡರ್ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು, ಉಂಗುರದ ಹಾಗೆ. ಡ್ರೈ ಸೋಲ್ಡರ್. ಬಿಸಿಯಾದರೆ ಹಿಗ್ಗಿ ಬಿಡುತ್ತದೆ, ತಣ್ಣಗಾದರೆ ಮತ್ತೆ ತಾಗುತ್ತದೆ. ದಿನಾ ಬಿಸಿಯಾಗಿ ತಣ್ಣಗಾಗಿ ಇಪ್ಪತ್ತೆರಡು ವರ್ಷ.

ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು, ಲೆಕ್ಕ ಹಾಕದೆ ಇರಲಿಲ್ಲ. ಇಂಥ ಕಂಡೆನ್ಸರಿನ ಒಳಗೆ ದ್ರವ ಇರುತ್ತದೆ, ಅದು ವರ್ಷಗಟ್ಟಲೆ ಮೆಲ್ಲಗೆ ಒಣಗುತ್ತದೆ, ಇಲ್ಲವೇ ಸೋರುತ್ತದೆ. 105 ಡಿಗ್ರಿಯಲ್ಲಿ 2000 ತಾಸು ಬಾಳುವಂಥದ್ದು, ಬಿಸಿ ಪ್ರತಿ 10 ಡಿಗ್ರಿ ಇಳಿದರೆ ಸುಮಾರು ಎರಡು ಪಟ್ಟು ಬಾಳುತ್ತದೆ. 65 ಡಿಗ್ರಿಗೆ ಬಂದರೆ 32,000 ತಾಸು. ಹಗಲು ರಾತ್ರಿ ಅಷ್ಟೇ ಬಿಸಿ ಇದ್ದರೆ ನಾಲ್ಕು ವರ್ಷವೂ ಇಲ್ಲ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು ಒಳಗೆ ಎಷ್ಟು ಕಾಯುತ್ತದೆ ಅಂತ ಸ್ಟೇರಿಂಗ್ ಮುಟ್ಟಿದವರಿಗೆಲ್ಲ ಗೊತ್ತು. ಶಾಲೆಯ ಅಂಗಳದಲ್ಲಿ ನೆರಳಿದ್ದರೂ ಗೇಟಿನ ಹತ್ತಿರ ಅಂತ ಬಿಸಿಲಲ್ಲೇ ನಿಲ್ಲಿಸುತ್ತಿದ್ದೆ. ಪಾಪ, ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಅವ್ವ ಇವತ್ತು ಸರಿಯಾಗಿ ಉಣ್ಣಲಿಲ್ಲ. ಅರ್ಧ ರೊಟ್ಟಿ, ಮಜ್ಜಿಗೆ. ಸೆಕೆಗೆ ಅಂದಳು. ನನಗೇನೋ ಬೇರೆ ಅನಿಸುತ್ತದೆ. ಕಾರು ಗೇಟಿನ ಒಳಗೆ ಇಲ್ಲದ ಇಷ್ಟೂ ದಿನ ಅವಳು ಕಟ್ಟೆಯ ಮೇಲೆ ಕೂತಿಲ್ಲ.

ಹುಬ್ಬಳ್ಳಿಯ ಗುಜರಿಯಲ್ಲಿ ಇದೇ ನಂಬರಿನ ಡಬ್ಬಿ ಇದೆ ಅಂತ ಒಬ್ಬರು ಹೇಳಿದ್ದರು. ತರಲೇ ಅಂತ ಕೇಳಿದೆ. ಕಾಕಾ ನಮ್ಮ ಕೀಲಿಯ ಕಪ್ಪು ಹಿಡಿಯನ್ನು ತೋರಿಸಿದರು. ಅದರೊಳಗೆ ಸಣ್ಣ ಚಿಪ್ ಇದೆ, ನಮ್ಮ ಡಬ್ಬಿಗೆ ಅದರ ಗುರುತಿದೆ. ಬೇರೆಯವರ ಡಬ್ಬಿ ತಂದು ಕೂರಿಸಿದರೆ ನಮ್ಮ ಕೀಲಿಯನ್ನು ಕಳ್ಳನ ಕೀಲಿ ಅಂದುಕೊಳ್ಳುತ್ತದೆ. ಹಾಗಾಗಿ ಇದನ್ನೇ ಬದುಕಿಸಬೇಕು.

ಮೂರೂ ಕಂಡೆನ್ಸರ್ ತೆಗೆದು ಹೊಸವು ಹಾಕಿದರು. ಮೂರಕ್ಕೂ ಸೇರಿ ನಲವತ್ತು ರೂಪಾಯಿ. ಟ್ರಾನ್ಸಿಸ್ಟರಿನ ಬಿರುಕು ಬಿಟ್ಟ ಕಾಲಿಗೆ ಮತ್ತೆ ಬೆಸುಗೆ ಹಾಕಿದರು. ಹಲ್ಲುಜ್ಜುವ ಬ್ರಷ್ಷಿನಿಂದ ಆ ಅಂಟನ್ನೆಲ್ಲ ತೊಳೆದರು. ತಿಂದುಹೋದ ಗೆರೆಯ ಜಾಗಕ್ಕೆ ಕೂದಲಿನಂಥ ತಂತಿ ಎಳೆಯಬೇಕು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ತಿಳಿಯಲು ನಕ್ಷೆ ಇಲ್ಲ. ಅದಕ್ಕೇ ಒಂದೂವರೆ ತಾಸು ಹೋಯಿತು. ಮೀಟರ್ ಹಿಡಿದು ಒಂದೊಂದೇ ಕಾಲನ್ನು ಮುಟ್ಟುತ್ತಾ, ಹಳೇ ಟೀವಿ ನಕ್ಷೆಗಳಿದ್ದ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾ ಹೋದರು.

ನನಗೆ ಸಿಟ್ಟು ಬಂದಿದ್ದು ಅಲ್ಲಿ. ಪಿಸ್ಟನ್ ಸವೆದರೆ ಸಿಗುತ್ತದೆ, ಬೇರಿಂಗ್ ಸಿಗುತ್ತದೆ, ಏನೂ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಈ ಡಬ್ಬಿ ಮಾಡುವುದನ್ನು ನಿಲ್ಲಿಸಿದವರು ಅದರ ನಕ್ಷೆಯನ್ನಾದರೂ ಹೊರಗೆ ಕೊಡಬಹುದಲ್ವಾ? ಅವರಿಗೆ ಬೇಡವಾದದ್ದು ನಮಗೆ ಬೇಕು. ಗಟ್ಟಿ ಇಂಜಿನ್, ಗಟ್ಟಿ ಬಾಡಿ, ಎಲ್ಲವೂ ಹತ್ತು ಹದಿನೈದು ರೂಪಾಯಿಯ ಒಂದು ಸಾಮಾನಿಗಾಗಿ ಗುಜರಿಗೆ ಹೋಗಬೇಕಾ?

ಇವತ್ತು ಸಂಜೆ ಕೂರಿಸಿದೆವು. ಕೀಲಿ ತಿರುವಿದೆ. ಹಳದಿ ದೀಪ ಹತ್ತಿತು. ಹಿಂದಿನಿಂದ ಗುಂಯ್. ನನ್ನ ಕಣ್ಣಲ್ಲಿ ನೀರು ಬಂತು.

ಕಾಕಾ 800 ತಗೊಂಡರು. ಜಾಸ್ತಿ ಕೊಡಲು ಹೋದರೆ ಬೈದರು. "ಗ್ಯಾರಂಟಿ ಕೊಡೂದಿಲ್ಲವಾ. ಬಿಸಿಲಾಗ ಮತ್ತ ನಿಂತ್ರ ಆ ಟ್ರಾನ್ಸಿಸ್ಟರನ ಹೋಗೇತಿ ಅಂತ ತಿಳಿ. ಅದರ ನಂಬರ್ ಕಂಪನಿಯವರು ಉಜ್ಜಿ ಅಳಿಸ್ಯಾರ, ಬ್ಯಾರೆ ತರಾಕ ಆಗೂದಿಲ್ಲ."

ಅವ್ವ ಈಗಾಗಲೇ ಭಾನುವಾರ ಕೂಡಲಸಂಗಮಕ್ಕೆ ಹೋಗೋಣ ಅನ್ನುತ್ತಿದ್ದಾಳೆ. ನಾನು ಹೂಂ ಅಂದಿಲ್ಲ. ನಾಳೆ ಎರಡು ಗಂಟೆಗೆ ಒಬ್ಬಳೇ ಗದ್ದನಕೇರಿ ಕ್ರಾಸ್ ತನಕ ಹೋಗಿ ಬಂದು ನೋಡಬೇಕು.

ಇನ್ನೊಂದು. ಕಾಕಾ ಬರೆದ ಆ ಪೆನ್ಸಿಲಿನ ಹಾಳೆಯ ಫೋಟೊ ತೆಗೆದುಕೊಳ್ಳಬೇಕಿತ್ತು. ಅವರ ನೋಟ್‌ಬುಕ್ಕಿನಲ್ಲಿ ಬೇರೆ ಗಾಡಿಗಳವೂ ಏಳೆಂಟು ಹಾಳೆ ಕಂಡವು. ಕೇಳಲು ಸಂಕೋಚವಾಯಿತು. ಶನಿವಾರ ಹೋಗಿ ಕೂತು, ಅವರು ಒಪ್ಪಿದರೆ, ಒಂದೊಂದೇ ಹಾಳೆಯ ಫೋಟೊ ತೆಗೆದುಕೊಳ್ಳಬೇಕು.